ಕಾಗದದ ಕೆಳಗಿನ ಹೆಸರು

ಬಾರ್ಲೋನ ಡ್ಯಾನ್ಸ್ ಹಾಲ್‌ನಲ್ಲಿ ಶನಿವಾರ ರಾತ್ರಿ ಹನ್ನೆರಡಕ್ಕೆ ಬಾಗಿಲು ತೆರೆದರೆ ಮುಚ್ಚುವುದು ಭಾನುವಾರ ಬೆಳಿಗ್ಗೆ ಎಂಟಕ್ಕೆ. ಕೆಳಗೆ ಕುಣಿತ, ಮೇಲೆ ಬಾಲ್ಕನಿಯಲ್ಲಿ ವ್ಯಾಪಾರ. ಹದಿನಾರು ಜನ ಅಲ್ಲಿ ಮೇಜು ಹಾಕಿ ರೆಕಾರ್ಡ್ ಮಾರುತ್ತಿದ್ದೆವು. ಅಷ್ಟು ಜನರಲ್ಲಿ ಹೆಂಗಸು ನಾನೊಬ್ಬಳೇ. ಮೊದಮೊದಲು ನನ್ನ ಪೆಟ್ಟಿಗೆ ನೋಡಿ "ಇದು ನಿಮ್ಮಣ್ಣಂದಾ, ಗಂಡಂದಾ?" ಎಂದು ಕೇಳುತ್ತಿದ್ದ ಗಂಡಸರು ಆಮೇಲೆ ತಮ್ಮ ಪೆಟ್ಟಿಗೆಗಳನ್ನೇ ಹೊತ್ತು ತಂದು ನನ್ನ ಮುಂದೆ ಇಡತೊಡಗಿದರು. ಬೆಲೆ ಕಟ್ಟಿಕೊಡಲು.

ಬೆಲೆ ಕಟ್ಟುವುದಕ್ಕೆ ನನ್ನದೊಂದು ಕ್ರಮವಿತ್ತು. ರೆಕಾರ್ಡನ್ನು ಹೊದಿಕೆಯಿಂದ ತೆಗೆದು ಲೇಬಲ್ ಓದುವುದು. ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿದು, ಹಾಡು ಮುಗಿದ ಮೇಲೆ ಲೇಬಲ್‌ಗೂ ಗೆರೆಗಳಿಗೂ ನಡುವೆ ಉಳಿಯುವ ನುಣುಪು ಜಾಗದಲ್ಲಿ ಕೊರೆದಿರುವ ನಂಬರ್ ನೋಡುವುದು. ಯಂತ್ರ ಒತ್ತಿದ ನಂಬರಾದರೆ ಅಸಲಿ. ಕೈಯಲ್ಲಿ ಗೀಚಿದ್ದಾದರೆ ಯಾವನೋ ಮೊನ್ನೆ ಮೊನ್ನೆ ಶೆಡ್ಡಿನಲ್ಲಿ ಮಾಡಿಸಿದ ನಕಲಿ. ತಿರುಗಿಸಿ ಇನ್ನೊಂದು ಮಗ್ಗುಲನ್ನೂ ಹಾಗೇ ನೋಡುವುದು. ಆಮೇಲೆ ಬೆಲೆ ಒಂದೇ ಸಲ, ಗಟ್ಟಿಯಾಗಿ. ಚೌಕಾಸಿ ಇಲ್ಲ. ಲೀಡ್ಸ್‌ನವನೂ ಸ್ಟೋಕ್‌ನವನೂ ಒಂದು ರೆಕಾರ್ಡಿಗೆ ಜಗಳಕ್ಕೆ ಬಿದ್ದರೆ "ಥೆಲ್ಮಾ ಏನಂದ್ಲು?" ಎಂದು ಕೇಳಿ ಸುಮ್ಮನಾಗುತ್ತಿದ್ದರು. ವಾರದಲ್ಲಿ ಐದು ದಿನ ಬೇಕರಿಯಲ್ಲಿ ಹಿಟ್ಟಿನ ತಟ್ಟೆ ತೊಳೆಯುವವಳ ಮಾತಿಗೆ ಶನಿವಾರ ರಾತ್ರಿ ಇಷ್ಟು ಬೆಲೆ. ಜಂಬ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಇನ್ನು ನೆವ್. ನೆವಿಲ್ ಹ್ಯಾವರ್ತ್ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ನಮ್ಮ ಮನೆಯಲ್ಲಿ ಒಲೆ ಹತ್ತದ ದಿನಗಳಲ್ಲಿ ಅವನ ತಾಯಿ ನನಗೂ ಒಂದು ತಟ್ಟೆ ಹಾಕಿದವಳು. ನಮ್ಮಿಬ್ಬರ ನಡುವೆ ಊರವರು ಹೇಳುವ ಹಾಗೆ ಏನೂ ಇರಲಿಲ್ಲ, ಅದಕ್ಕಿಂತ ಹಳೆಯದು ಇತ್ತು. ಅವನು ದುಡಿಯುತ್ತಿದ್ದ ಹತ್ತಿ ಗಿರಣಿ ಎಪ್ಪತ್ತಾರರ ವಸಂತದಲ್ಲಿ ಬಾಗಿಲು ಹಾಕಿತು. ಆಮೇಲೆ ಅವನಿಗೆ ಉಳಿದದ್ದು ಬಾರ್ಲೋನ ಹಾಲಿನಲ್ಲಿ ಶನಿವಾರ ರಾತ್ರಿ ಎರಡರಿಂದ ನಾಲ್ಕರವರೆಗೆ ವೇದಿಕೆಯ ಮೇಲೆ ನಿಂತು ರೆಕಾರ್ಡ್ ಹಾಕುವ ಕೆಲಸ ಮಾತ್ರ. ಎಲ್ಲರೂ ಬಂದು ಸೇರಿರುವ, ಯಾರಿಗೂ ಇನ್ನೂ ಕಾಲು ಸೋತಿರದ ಹೊತ್ತು ಅದು. ಆ ಎರಡು ಗಂಟೆ ಸಿಕ್ಕವನೇ ರಾಜ.

ಅವನಿಗೆ ಅದು ಸಿಕ್ಕಿದ್ದು ಒಂದು ರೆಕಾರ್ಡಿನಿಂದ. ನಾವು ಕುಣಿಯುತ್ತಿದ್ದದ್ದೆಲ್ಲ ಹತ್ತು ವರ್ಷದ ಹಿಂದೆ ಅಮೆರಿಕದ ಕಪ್ಪು ಹುಡುಗ ಹುಡುಗಿಯರು ಹಾಡಿ, ಅಲ್ಲಿ ಯಾರೂ ಕೊಳ್ಳದೆ ಮೂಲೆಗೆ ಬಿದ್ದ, 'ಸೋಲ್' ಎಂಬ ಬಗೆಯ ಹಾಡುಗಳಿಗೆ. ಎಷ್ಟು ಕಡಿಮೆ ಜನರ ಹತ್ತಿರ ಇದೆಯೋ ಅಷ್ಟು ಬೆಲೆ. ನೆವ್‌ನ ರೆಕಾರ್ಡ್ ಬೇರೆ ಯಾರ ಹತ್ತಿರವೂ ಇರಲಿಲ್ಲ. ಅದನ್ನು ಹುಡುಕಿದವಳು ನಾನು. ಓಲ್ಡಮ್ ಸಂತೆಯಲ್ಲಿ ಹಳೇ ಬೂಟುಗಳ ಜೊತೆ ಮಾರಾಟಕ್ಕಿಟ್ಟಿದ್ದ ಒಂದು ಡಬ್ಬಿಯ ತಳದಲ್ಲಿ ಸಿಕ್ಕಿತ್ತು. ಹಳದಿ ಲೇಬಲ್, ವರ್ಲೀನ್ ಪಿಕೆಟ್ ಎಂಬ ಹೆಸರು, ಊರು ಅಮೆರಿಕದ ಡೆಟ್ರಾಯ್ಟ್. ಮನೆಗೆ ತಂದು ಹಾಕಿದಾಗ ನಾನು, ನೆವ್ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೊಂಡ ಬೆಲೆಗೇ ಅವನಿಗೆ ಕೊಟ್ಟೆ. ಅವನು ಅವತ್ತೇ ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ "ಕ್ಲಾರಾ ಫಾಂಟೇನ್" ಎಂದು ಬರೆದ. ಅಂಥ ಹೆಸರಿನವಳು ಪ್ರಪಂಚದಲ್ಲೇ ಇಲ್ಲ.

ಅದು ಮೋಸವಲ್ಲ, ನಮ್ಮಲ್ಲಿ ಎಲ್ಲರೂ ಮಾಡುವುದೇ. ನಿಜವಾದ ಹೆಸರು ಹೊರಗೆ ಬಿದ್ದರೆ ಎದುರಾಳಿಗಳು ಅಮೆರಿಕಕ್ಕೆ ಕಾಗದ ಬರೆದು ಹುಡುಕಿಸುತ್ತಾರೆ. ತಿಂಗಳಲ್ಲಿ ಹತ್ತು ಜನರ ಕೈಗೆ ಬರುತ್ತದೆ, ಎರಡು ತಿಂಗಳಲ್ಲಿ ಪೌಂಡಿಗೊಂದರಂತೆ ನಕಲಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಆದ್ದರಿಂದ ಎರಡು ವರ್ಷದಿಂದ ಆ ಹೆಸರು ಇಬ್ಬರಿಗೇ ಗೊತ್ತಿತ್ತು, ಅವನಿಗೆ ಮತ್ತು ನನಗೆ. ವಾರ ವಾರ ಯಾರಾದರೂ ಬಂದು "ಅಕ್ಕಾ, ಆ ಕ್ಲಾರಾ ಯಾರು, ಹೇಳಿಬಿಡಿ" ಎಂದು ಕೇಳುವುದು, ನಾನು "ನೆವ್‌ನ ಕೇಳು" ಎನ್ನುವುದು, ಇದೊಂದು ಆಟವೇ ಆಗಿಹೋಗಿತ್ತು.

ಅಕ್ಟೋಬರಿನ ಆ ಶನಿವಾರ ಆಟ ಆಟವಾಗಿ ಉಳಿಯಲಿಲ್ಲ. ಆ ರಾತ್ರಿ ಬಾರ್ಲೋ ಒಂದು ತೀರ್ಮಾನ ಮಾಡುವವನಿದ್ದ. ಮುಂದಿನ ವರ್ಷ ಪೂರ್ತಿ ಎರಡು ಗಂಟೆಯ ಹೊತ್ತು ನೆವ್‌ಗೋ ಲೆಸ್ಟರ್‌ಗೋ ಎಂದು. ಲೆಸ್ಟರ್ ಕ್ರಂಪ್ ಆಗ ಹನ್ನೆರಡರಿಂದ ಒಂದರವರೆಗೆ, ಜನ ಇನ್ನೂ ಕೋಟು ಬಿಚ್ಚುತ್ತಿರುವ ಹೊತ್ತಿನಲ್ಲಿ ಹಾಡು ಹಾಕುತ್ತಿದ್ದ. ಕೆಟ್ಟವನಲ್ಲ. ಆದರೆ ಹಸಿದವನು. "ನೆವ್ ಹತ್ರ ಇರೋದು ಒಂದೇ ಹಾಡು, ಅದರ ಹೆಸರು ನಾನು ಕಿತ್ತು ತಂದುಕೊಟ್ರೆ ಆ ಹೊತ್ತು ನಂದಾ?" ಎಂದು ಬಾರ್ಲೋನನ್ನು ಕೇಳಿದ್ದನಂತೆ. ಬಾರ್ಲೋ "ನೆವ್ ವೇದಿಕೆ ಹತ್ತೋ ಮೊದಲು ತಂದ್ರೆ ನಿಂದು" ಎಂದಿದ್ದ. ಇದನ್ನು ನನಗೆ ಬಾಗಿಲಲ್ಲಿ ಟಿಕೆಟ್ ಹರಿಯುವವಳು ಹೇಳಿದಳು, ನಾನು ನೆವ್‌ಗೆ ಹೇಳಿದೆ. ನೆವ್ ನಗಲು ನೋಡಿದ, ಆಗಲಿಲ್ಲ.

"ನಿನ್ನ ಬಾಯಿ ಗಟ್ಟಿ ತಾನೇ ಥೆಲ್ಮಾ?" ಎಂದ.

"ನಿನ್ನಷ್ಟು ಸಡಿಲ ಇಲ್ಲ. ಡೆಟ್ರಾಯ್ಟ್ ಅಂತ ಮೈಕಿನಲ್ಲಿ ಉಸುರಿದವನು ನೀನೇ."

"ಒಂದ್ಸಲ ಬಾಯ್ತಪ್ಪಿ ಬಂತಪ್ಪ. ಇದು ಹೋದ್ರೆ ನನಗೆ ಏನೂ ಇಲ್ಲ ಕಣೇ. ಸೋಮವಾರ ಎದ್ದು ಎಲ್ಲಿಗೆ ಹೋಗ್ಲಿ?"

ಹೋಗಲು ಎಲ್ಲಿಯೂ ಇರಲಿಲ್ಲ, ನನಗೂ ಗೊತ್ತಿತ್ತು.

ಒಂದು ಇಪ್ಪತ್ತಕ್ಕೆ ಲೆಸ್ಟರ್ ತನ್ನ ಹೊತ್ತು ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಬಾಲ್ಕನಿಗೆ ಬಂದ. ಕೈಯಲ್ಲಿ ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆ.

"ಏನ್ ತಾಯೀ, ವ್ಯಾಪಾರ ಜೋರಾ?"

"ನೀನು ಬರೋವರೆಗೂ ಜೋರಾಗೇ ಇತ್ತು."

"ಲಿವರ್‌ಪೂಲ್‌ನಿಂದ ಈಗ ತಾನೇ ಬಂತು, ಹಡಗಿನಿಂದ ಇಳಿದು ಮೂರು ದಿನ ಆಗಿಲ್ಲ. ಒಂದನ್ನೂ ಹಾಕಿ ಕೇಳಿಲ್ಲ. ಬೆಲೆ ಕಟ್ಟಿಕೊಡು. ನಿನ್ನ ಕೂಲಿ ಒಂದು ಪೌಂಡ್ ಕೊಡ್ತೀನಿ."

"ಎಷ್ಟಿದೆ?"

"ಮುನ್ನೂರು ಚಿಲ್ಲರೆ. ಅಷ್ಟೂ ಬೇಡ. ಒಂದು ನಲವತ್ತು ಆರಿಸಿ ಮುಂದಿಟ್ಟಿದೀನಿ, ಅಷ್ಟು ನೋಡು ಸಾಕು."

ಹಾಕಿ ಕೇಳಲು ಅಲ್ಲಿ ದಾರಿಯೂ ಇರಲಿಲ್ಲ. ವೇದಿಕೆಯ ಯಂತ್ರಗಳನ್ನು ಎರಡು ಗಂಟೆಯವರೆಗೆ ಇನ್ನೊಬ್ಬ ಹಿಡಿದಿದ್ದ, ಅವನು ತನ್ನ ಹೊತ್ತಿನಲ್ಲಿ ಬೇರೆಯವರನ್ನು ಹತ್ತಿರ ಸೇರಿಸುವವನಲ್ಲ. ಬಾಲ್ಕನಿಯಲ್ಲಿ ಬ್ಯಾಟರಿ ಪ್ಲೇಯರ್ ಇಡುವುದನ್ನು ಬಾರ್ಲೋ ನಿಲ್ಲಿಸಿದ್ದ. ಹಾಗಾಗಿ ಹೊಸ ಪೆಟ್ಟಿಗೆ ಬಂದರೆ ನನ್ನ ಕಣ್ಣೇ ಗತಿ. ನಾನು ಯಾವಾಗಲೂ ಒಪ್ಪುವ ಹಾಗೆ ಒಪ್ಪಿದೆ. ಸುತ್ತ ಐದಾರು ಜನ ಸೇರಿದರು. ನಾನು ಬೆಲೆ ಕಟ್ಟುವುದನ್ನು ನೋಡುವುದು ಅವರಿಗೊಂದು ಮೋಜು.

ಮೊದಲನೆಯದು ಎರಡು ಪೌಂಡ್. ಎರಡನೆಯದು ನಕಲಿ, ಕಸದ ಗುಂಪಿಗೆ. ಮೂರನೆಯದು ಐದು ಪೌಂಡ್, ಅಂಚು ಸ್ವಲ್ಪ ಸೊಟ್ಟಗಿದ್ದುದರಿಂದ ನಾಲ್ಕು. ಬೆಳಕಿಗೆ ಹಿಡಿ, ನಂಬರ್ ನೋಡು, ತಿರುಗಿಸು, ಹೇಳು. ಏಳೋ ಎಂಟೋ ಆದ ಮೇಲೆ ಎರಡು ವಿಷಯ ಹೊಳೆಯಿತು. ಅಷ್ಟೂ ಡೆಟ್ರಾಯ್ಟ್‌ನವೇ. ಮತ್ತೆ ಲೆಸ್ಟರ್ ರೆಕಾರ್ಡುಗಳನ್ನು ನೋಡುತ್ತಲೇ ಇಲ್ಲ. ಅವನು ನೋಡುತ್ತಿದ್ದದ್ದು ನನ್ನ ಮುಖವನ್ನು.

ಇಸ್ಪೀಟು ಆಡುವಾಗ ಎದುರಿನವನ ಕಣ್ಣು ನೋಡುವ ಹಾಗೆ. ಅವನಿಗೆ ಬೆಲೆ ಬೇಕಾಗಿರಲಿಲ್ಲ. ಆ ಹೆಸರು ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿತ್ತು. ಆ ರೆಕಾರ್ಡಿನ ಇನ್ನೊಂದು ಪ್ರತಿ ಈ ಪೆಟ್ಟಿಗೆಯಲ್ಲಿ ಇದ್ದರೂ ಇರಬಹುದು, ಇದ್ದರೆ ನನ್ನ ಮುಖ ಹೇಳಿಕೊಡುತ್ತದೆ ಎಂದು ಲೆಕ್ಕ ಹಾಕಿ ಬಂದಿದ್ದ.

ಎದ್ದು ಹೋಗೋಣವೆಂದರೆ ಅದೇ ಒಪ್ಪಿಕೊಂಡ ಹಾಗೆ. ಒಂಬತ್ತನೆಯದನ್ನು ತೆಗೆದೆ. ಇರಲಾರದು, ಇಷ್ಟು ವರ್ಷ ಎಲ್ಲೂ ಸಿಗದ್ದು ಇಲ್ಲಿ ಹೇಗೆ ಇದ್ದೀತು ಎಂದುಕೊಂಡು ಮುಂದುವರಿದೆ. ಹದಿನೈದು ಆಯಿತು. ಹದಿನೆಂಟು ಆಯಿತು. ಒಬ್ಬ ಟೀ ತಂದುಕೊಟ್ಟ. ಅದನ್ನು ಮೇಜಿನ ಅಂಚಿಗೆ ಸರಿಸಿದೆ.

ಹತ್ತೊಂಬತ್ತನೆಯದು ಹಳದಿ ಲೇಬಲ್. ವರ್ಲೀನ್ ಪಿಕೆಟ್.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥದ್ದೇನಾದರೂ ಹುಡುಕಲು ನನಗಿದ್ದದ್ದು ಒಂದು ಉಸಿರಿನಷ್ಟು ಹೊತ್ತು. "ಐವತ್ತು ಪೆನ್ಸ್" ಎಂದು ಕಸದ ಗುಂಪಿಗೆ ಹಾಕಿದೆ. ಮೂರು ವರ್ಷದಲ್ಲಿ ನಾನು ಕಟ್ಟಿದ ಮೊದಲ ಸುಳ್ಳು ಬೆಲೆ. ಇಪ್ಪತ್ತನೆಯದಕ್ಕೆ ಒಂದು ಜೋಕೂ ಮಾಡಿದೆ; ಹಾಡಿದವನ ಫೋಟೋ ನೋಡಿ "ಇವನ ಮೀಸೆಗೇ ಒಂದು ಪೌಂಡ್ ಕೊಡಬಹುದು" ಎಂದೆ. ಜನ ನಕ್ಕರು. ಗೆದ್ದೆ ಎಂದುಕೊಂಡೆ.

ನಲವತ್ತೂ ಮುಗಿದಾಗ ಎರಡಕ್ಕೆ ಹತ್ತು ನಿಮಿಷ. ಲೆಸ್ಟರ್ ಒಳ್ಳೆಯ ಗುಂಪನ್ನು ಮುಟ್ಟಲಿಲ್ಲ. ಕಸದ ಗುಂಪಿಗೆ ಕೈ ಹಾಕಿ ಹಳದಿ ಲೇಬಲ್ಲಿನದನ್ನು ಎಳೆದ.

"ಇದಕ್ಕೇನಂದೆ?"

"ಐವತ್ತು ಪೆನ್ಸ್."

"ಕಸ?"

"ಕಸ."

"ಥೆಲ್ಮಾ, ಮೂವತ್ತೊಂಬತ್ತು ರೆಕಾರ್ಡನ್ನ ಬೆಳಕಿಗೆ ಹಿಡಿದೆ. ನಂಬರ್ ನೋಡಿದೆ, ತಿರುಗಿಸಿದೆ. ಇದೊಂದನ್ನ ತಿರುಗಿಸಲೇ ಇಲ್ಲ."

ನಿಜ. ಯಾಕೆ ತಿರುಗಿಸಬೇಕು, ಅದರ ಎರಡೂ ಮಗ್ಗುಲು ನನಗೆ ಬಾಯಿಪಾಠವಾಗಿತ್ತು. ಮುಖವನ್ನು ಕಲ್ಲು ಮಾಡಿಕೊಂಡೆನೇ ಹೊರತು ಕೈಗೆ ಬುದ್ಧಿ ಹೇಳುವುದನ್ನು ಮರೆತಿದ್ದೆ.

"ಕಸ ನೋಡಿ ನೋಡಿ ಸಾಕಾಗಿತ್ತು ಕಣೋ."

"ಆಚೆ ಈಚೆ ಇದ್ದ ಕಸಾನೆಲ್ಲ ತಿರುಗಿಸಿದೀಯ."

"ಅಷ್ಟು ಅನುಮಾನ ಇದ್ರೆ ನಾನೇ ಕೊಂಡ್ಕೋತೀನಿ ಬಿಡು" ಎಂದು ಜೇಬಿನಿಂದ ಐವತ್ತು ಪೆನ್ಸ್ ತೆಗೆದು ಮೇಜಿನ ಮೇಲಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇಟ್ಟ ಕ್ಷಣವೇ ಗೊತ್ತಾಯಿತು, ಆದರೆ ಇಟ್ಟಾಗಿತ್ತು.

ಲೆಸ್ಟರ್ ನಾಣ್ಯವನ್ನು ನೋಡಿ ನಕ್ಕ. "ಕಸ ಕೊಳ್ಳೋವಷ್ಟು ಸಂಬಳ ಯಾವಾಗ ಜಾಸ್ತಿ ಆಯ್ತಮ್ಮ ಬೇಕರೀಲಿ?" ಸುತ್ತ ಇದ್ದವರು ನಗಲಿಲ್ಲ. ಅವರಿಗೂ ವಾಸನೆ ಹತ್ತಿತ್ತು. ಕೆಳಗೆ ವೇದಿಕೆಯ ಪಕ್ಕ ಬಾರ್ಲೋ ಗಡಿಯಾರ ನೋಡುತ್ತ ನಿಂತಿದ್ದುದು ಕಾಣುತ್ತಿತ್ತು. ನೆವ್ ತನ್ನ ಪೆಟ್ಟಿಗೆ ಹಿಡಿದು ವೇದಿಕೆಯ ಮೆಟ್ಟಿಲ ಕಡೆ ಹೋಗುತ್ತಿದ್ದ.

ಲೆಸ್ಟರ್ ರೆಕಾರ್ಡನ್ನು ಎರಡು ಕೈಯಲ್ಲಿ ಹಿಡಿದ. ಅದು ಬಾಗುವ ಜಾತಿಯದಲ್ಲ, ಅಮೆರಿಕದ ಅಗ್ಗದ ಗಡಸು ಪ್ಲಾಸ್ಟಿಕ್. ಒತ್ತಿದರೆ ಬಿಸ್ಕತ್ತಿನಂತೆ ಮುರಿಯುತ್ತದೆ.

"ನೋಡು ತಾಯೀ, ನನಗೆ ಹತ್ತು ನಿಮಿಷ ಇದೆ. ತಪ್ಪು ಹೆಸರು ತಗೊಂಡು ಹೋದ್ರೆ ಬಾರ್ಲೋ ನನ್ನನ್ನ ಮತ್ತೆ ಹತ್ರ ಸೇರಿಸಲ್ಲ. ನಿನ್ನ ನಾನು ಬಲ್ಲೆ. ಹೋದ ವರ್ಷ ಸ್ಟೋಕ್‌ನವನು ಕುರ್ಚಿ ಮೇಲಿಟ್ಟ ರೆಕಾರ್ಡ್ ಮೇಲೆ ತಾನೇ ಕೂತು ಮುರಿದಾಗ ಅತ್ತವಳು ನೀನು, ಅವನಲ್ಲ. ಇದು ಕಸ ಆದ್ರೆ ಮುರೀತೀನಿ, ಐವತ್ತು ಪೆನ್ಸ್ ನನಗೆ ನಷ್ಟ. ಕಸ ಅಲ್ಲ ಅಂದ್ರೆ ಬೇಡ ಅನ್ನು. ಒಂದೇ ಮಾತು. ಇದನ್ನ ಹಿಡ್ಕೊಂಡು ಕೆಳಗೆ ಬಾರ್ಲೋ ಹತ್ರ ಹೋಗ್ತೀನಿ."

ಅವನು ಇನ್ನಷ್ಟು ಒತ್ತಿದ. ಅಂಚುಗಳು ಕೂದಲೆಳೆಯಷ್ಟು ಮೇಲೆದ್ದವು.

ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನೆವ್‌ನ ಸೋಮವಾರಗಳು ಕಂಡವು. ಅವನ ತಾಯಿ ಹಾಕಿದ ತಟ್ಟೆ ಕಂಡಿತು. ಅದರ ಹಿಂದೆಯೇ ಹಾಡಿದ ಆ ಹುಡುಗಿ. ಅವಳ ಮುಖ ನಾನು ಕಂಡಿಲ್ಲ, ಎಲ್ಲಿಯೂ ಫೋಟೋ ಇಲ್ಲ. ಎಲ್ಲೋ ಒಂದು ಸಣ್ಣ ಕೋಣೆಯಲ್ಲಿ ನಿಂತು ಎರಡೂವರೆ ನಿಮಿಷ ಜೀವ ಸುರಿದು ಹಾಡಿ ಮನೆಗೆ ಹೋದವಳು. ಅವಳು ಹಾಡಿದ್ದಕ್ಕೆ ಸಾಕ್ಷಿ ನಾನು ಬಲ್ಲಂತೆ ಪ್ರಪಂಚದಲ್ಲಿ ಎರಡು. ಒಂದರ ಮುಖಕ್ಕೆ ನಾವೇ ಕಾಗದ ಮೆತ್ತಿದ್ದೆವು. ಹೆಸರು ಕಾಣುವ ಹಾಗಿದ್ದದ್ದು ಇದೊಂದೇ.

"ಹೇಳು ಥೆಲ್ಮಾ."

"ನಿನ್ನ ರೆಕಾರ್ಡು, ನಿನ್ನಿಷ್ಟ" ಎಂದೆ.

ಮುರಿದ. ಕೆಳಗಿನ ಹಾಡಿನ ಗದ್ದಲದಲ್ಲಿ ಸದ್ದು ಕೇಳಿಸಲಿಲ್ಲ, ಅವನ ಕೈಗಳು ಬೇರೆಯಾದದ್ದು ಕಂಡಿತು ಅಷ್ಟೇ. ನನ್ನ ಮುಖದಲ್ಲಿ ಏನೂ ಆಗಲಿಲ್ಲ. ಆಗದ ಹಾಗೆ ನೋಡಿಕೊಂಡೆ. ಲೆಸ್ಟರ್ ಒಂದಷ್ಟು ಹೊತ್ತು ನನ್ನನ್ನೇ ನೋಡಿದ. ಆಮೇಲೆ ಅವನ ಭುಜ ಇಳಿಯಿತು. ತುಂಡುಗಳನ್ನು ಮೇಜಿನ ಕೆಳಗಿನ ಕಸದ ಡಬ್ಬಿಗೆ ಹಾಕಿದ.

"ತಪ್ಪಾಯ್ತು ತಾಯೀ. ನಿನ್ನ ಮಾತಿನ ಮೇಲೆ ಅನುಮಾನ ಪಡಬಾರದಾಗಿತ್ತು" ಎಂದು ಒಂದು ಪೌಂಡ್ ನೋಟು ತೆಗೆದುಕೊಟ್ಟ. ತೆಗೆದುಕೊಂಡೆ. ತೆಗೆದುಕೊಳ್ಳದಿದ್ದರೆ ಅದಕ್ಕೂ ಅರ್ಥ ಹಚ್ಚುತ್ತಿದ್ದ.

ಜನ ಚದುರಿದ ಮೇಲೆ ಬಗ್ಗಿ ಡಬ್ಬಿಯಿಂದ ತುಂಡುಗಳನ್ನು ಆಯ್ದೆ. ಲೇಬಲ್ ಇದ್ದ ದೊಡ್ಡ ತುಂಡಿನ ಮೇಲೆ ಹೆಸರು ಪೂರ್ತಿ ಉಳಿದಿತ್ತು. ಕೋಟಿನ ಒಳಜೇಬಿಗೆ ಹಾಕಿಕೊಂಡೆ. ಅದರ ಚೂಪು ಅಂಚು ಪಕ್ಕೆಗೆ ಒತ್ತುತ್ತಿತ್ತು.

ಎರಡೂಕಾಲಿಗೆ ನೆವ್ ತನ್ನ ಪ್ರತಿಯನ್ನು ಹಾಕಿದ. "ಕ್ಲಾರಾ ಫಾಂಟೇನ್" ಎಂದು ಮೈಕಿನಲ್ಲಿ ಹೇಳಿದ ಕೂಡಲೇ ಗೋಡೆಗೊರಗಿದ್ದವರೂ ಎದ್ದು ನೆಲಕ್ಕಿಳಿದರು. ಕುಣಿಯುವವರ ಹೆಜ್ಜೆ ಜಾರಲೆಂದು ನೆಲಕ್ಕೆ ಉದುರಿಸಿದ ಪೌಡರು ಕಾಲಡಿಯಿಂದ ಎದ್ದು ದೀಪಕ್ಕೆ ಮಬ್ಬು ಕವಿಯಿತು. ಏಳುನೂರು ಜನ ಒಟ್ಟಿಗೆ ಚಪ್ಪಾಳೆ ಹೊಡೆಯುವ ಜಾಗವೊಂದು ಆ ಹಾಡಿನಲ್ಲಿದೆ. ಹೊಡೆದರು. ಬಾರ್ಲೋ ಸಹ ಹೊಡೆದ. ಆಮೇಲೆ ಅವಳ ದನಿ ಮೇಲೇರುತ್ತದೆ, ಇನ್ನು ನಿನ್ನನ್ನು ಕೇಳಿಕೊಳ್ಳುವುದಿಲ್ಲ ಹೋಗು ಎನ್ನುತ್ತಾಳೆ. ನೂರು ಸಲ ಕೇಳಿದ್ದೆ. ಅವತ್ತು ಕೇಳಲಾಗಲಿಲ್ಲ. ಹೆಂಗಸರ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ನಾಲ್ಕಕ್ಕೆ ನೆವ್‌ನ ಹೊತ್ತು ಮುಗಿಯಿತು. ವೇದಿಕೆಯ ಹಿಂದಿನ ಕೋಣೆಗೆ ಹೋದಾಗ ಅವನು ಒದ್ದೆ ಅಂಗಿ ಬಿಚ್ಚಿ ಬೇರೆಯದು ಹಾಕಿಕೊಳ್ಳುತ್ತಿದ್ದ. ಮುಖ ಅರಳಿತ್ತು.

"ಬಾರ್ಲೋ ಕೈ ಕುಲುಕಿದ ಕಣೇ. ಮುಂದಿನ ವರ್ಷ ಪೂರ್ತಿ ನಂದು. ಲೆಸ್ಟರ್ ಕೈಲಿ ಏನೂ ಆಗ್ಲಿಲ್ಲ."

ಬಾಗಿಲು ಹಾಕಿ ನಡೆದದ್ದನ್ನೆಲ್ಲ ಹೇಳಿದೆ. ತಿರುಗಿಸದೆ ಸಿಕ್ಕಿಬಿದ್ದದ್ದು, ಲೆಸ್ಟರ್ ಒತ್ತಿ ಹಿಡಿದದ್ದು, ನಾನು ಆಡಿದ ಮಾತು. ಅವನು ಕುರ್ಚಿಯ ತುದಿಯಲ್ಲಿ ಕೂತು ಕೇಳಿದ. ಮುಗಿದ ಮೇಲೆ ಅವನ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡಿದ್ದೆ. ಅವನೂ ನನ್ನ ಹಾಗೆಯೇ ಆ ರೆಕಾರ್ಡಿಗಾಗಿ ಬದುಕಿದವನು ಎಂದು ನಂಬಿದ್ದೆ. ಅವನು ಜೋರಾಗಿ ನಕ್ಕು, ಎದ್ದು, ನನ್ನ ಹಣೆಗೆ ಮುತ್ತಿಟ್ಟ.

"ಅವನ ಕೈಯಿಂದಲೇ ಮುರಿಸಿದ್ಯಾ? ಎಂಥಾ ಕೆಲಸ ಮಾಡಿದೆ ಮಾರಾಯ್ತಿ. ಹಂಗಾದ್ರೆ ಈಗ ಪ್ರಪಂಚದಲ್ಲಿ ನಂದೊಂದೇ."

"ಹೌದು."

"ತುಂಡು ಎಲ್ಲಿ? ಡಬ್ಬೀಲೇ ಬಿಟ್ಟು ಬಂದ್ಯಾ? ಲೇಬಲ್ ಯಾರಾದ್ರೂ ನೋಡಿದ್ರೆ?"

"ನನ್ನ ಹತ್ರ ಇದೆ."

"ಸುಟ್ಟುಬಿಡು."

ಯಾಕೋ ಆಗ ಕೇಳಬೇಕೆನಿಸಿತು. "ನೆವ್, ಅವಳ ಹೆಸರೇನು?"

"ಯಾರದು?"

"ಹಾಡಿದವಳದು."

ಅವನು ಬಾಯಿ ತೆರೆದ. ಮುಚ್ಚಿದ. ಹಣೆ ಉಜ್ಜಿಕೊಂಡ. "ವೆ... ವೆರಾ ಏನೋ. ತಡಿ, ನಾಲಿಗೆ ತುದೀಲಿದೆ." ಹೆಸರು ಬರಲಿಲ್ಲ. ಅವನು ಭುಜ ಕುಣಿಸಿದ. "ಎರಡು ವರ್ಷದಿಂದ ಕ್ಲಾರಾ ಕ್ಲಾರಾ ಅಂತ ಹೇಳಿ ಹೇಳಿ ಹೋಗ್ಬಿಟ್ಟಿದೆ. ಇರ್ಲಿ ಬಿಡೇ, ನಿನಗೆ ಗೊತ್ತಲ್ಲ. ಕಾಗದದ ಕೆಳಗೆ ಇದ್ದೇ ಇದೆ, ಎಲ್ಲಿಗೆ ಹೋಗುತ್ತೆ?"

ನನಗೆ ಸಿಟ್ಟು ಬಂತು. ಅವನ ಮೇಲೆ ಎಷ್ಟೋ, ಮುಖವನ್ನು ಕಲ್ಲು ಮಾಡಿಕೊಂಡು ನಿಂತಿದ್ದ ನನ್ನ ಮೇಲೆ ಅದಕ್ಕಿಂತ ಹೆಚ್ಚು. ಹೊರಗೆ ಬಂದು ನನ್ನ ಮೇಜಿನ ಹತ್ತಿರ ಕೂತೆ. ಒಬ್ಬ ಒಂದು ರೆಕಾರ್ಡ್ ತಂದು ಬೆಲೆ ಕೇಳಿದ. ಗೊತ್ತಿಲ್ಲ ಎಂದೆ. ಹುಷಾರಿಲ್ವಾ ಅಕ್ಕಾ ಎಂದು ಕೇಳಿ ಹೋದ.

ಎಂಟಕ್ಕೆ ದೀಪ ಹಾಕಿದರು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಬೀದಿಗೆ ಬಂದು ಟೀ ಗಾಡಿಯ ಸುತ್ತ ನಿಂತರು. ಒದ್ದೆ ಅಂಗಿಯ ಮೇಲೆ ಕೋಟು, ಕೈಯಲ್ಲಿ ಚೀಲ, ಬಾಯಲ್ಲಿ ಹೊಗೆ. ಚಳಿ ಕೊರೆಯುತ್ತಿತ್ತು. ಸ್ಟೋಕ್‌ನ ಹುಡುಗಿ ಪಾಲಿನ್ ನನ್ನ ಪಕ್ಕ ಬಂದು ನಿಂತು, ಪ್ರತಿ ವಾರದ ಹಾಗೆ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳಿದಳು. "ಅಕ್ಕಾ, ಇವತ್ತಾದ್ರೂ ಹೇಳಿ. ಆ ಕ್ಲಾರಾ ಯಾರು?"

"ವರ್ಲೀನ್ ಪಿಕೆಟ್" ಎಂದೆ.

ಅವಳು ಮಾಂಸದ ಪೈ ಅಗಿಯುವುದನ್ನು ನಿಲ್ಲಿಸಿದಳು. "ತಮಾಷೆ ಮಾಡ್ಬೇಡಿ."

"ವರ್ಲೀನ್ ಪಿಕೆಟ್. ಡೆಟ್ರಾಯ್ಟ್‌ನವಳು. ಅವಳು ಹಾಡಿದ್ದು ನನಗೆ ಗೊತ್ತಿರೋ ಹಾಗೆ ಅದೊಂದೇ ರೆಕಾರ್ಡು."

ಪಕ್ಕದವನು ತಿರುಗಿದ. ಅವನ ಪಕ್ಕದವನು "ಏನಂತೆ?" ಎಂದ. ಪಾಲಿನ್ ಹೆಸರು ಹೇಳಿದಳು. ಅದು ಗಾಡಿಯ ಈ ಮೂಲೆಯಿಂದ ಆ ಮೂಲೆಗೆ ನನ್ನ ಕಣ್ಣೆದುರಿಗೇ ಹೋಯಿತು. ನಂಬದವರಿಗಾಗಿ ಒಳಜೇಬಿನಿಂದ ತುಂಡನ್ನು ತೆಗೆದು ಗಾಡಿಯ ಹಲಗೆಯ ಮೇಲೆ ಸಕ್ಕರೆ ಡಬ್ಬಿಯ ಪಕ್ಕ ಇಟ್ಟೆ. ಹತ್ತು ತಲೆ ಒಟ್ಟಿಗೆ ಬಗ್ಗಿದವು.

ಲೆಸ್ಟರ್ ಜನರನ್ನು ಸರಿಸಿಕೊಂಡು ಬಂದ. ಹಳದಿ ಬಣ್ಣ ಕಂಡದ್ದೇ ಅವನ ಕೈಯ ಲೋಟ ಓರೆಯಾಗಿ ಟೀ ಷೂಗಳ ಮೇಲೆ ಸುರಿಯಿತು. ಅವನಿಗೆ ಗೊತ್ತಾಗಲಿಲ್ಲ.

"ನಾನೇ ಮುರಿದೆ" ಎಂದ. ಆಮೇಲೆ ನನ್ನನ್ನು ನೋಡಿ, "ನೀನು ನೋಡ್ತಾ ನಿಂತಿದ್ದೆ" ಎಂದ.

"ಹೌದು."

"ಕಸ ಅಂದೆ. ಐವತ್ತು ಪೆನ್ಸ್ ಅಂದೆ. ನಾನು ನಿನ್ನ ಹತ್ರ ತಪ್ಪಾಯ್ತು ಅಂತ ಬೇರೆ ಕೇಳಿದೆ."

"ಹೌದು ಲೆಸ್ಟರ್. ಸುಳ್ಳು ಹೇಳಿದೆ."

ಲೀಡ್ಸ್‌ನವನೊಬ್ಬ, ರಾತ್ರಿ ನನ್ನಿಂದಲೇ ಎಂಟು ಪೌಂಡಿಗೆ ಒಂದು ರೆಕಾರ್ಡ್ ಕೊಂಡಿದ್ದವನು, ನಿಧಾನವಾಗಿ ತನ್ನ ಚೀಲ ಬಿಚ್ಚಿ ಅದನ್ನು ತೆಗೆದ. ಬೆಳಗಿನ ಬೆಳಕಿಗೆ ಓರೆಯಾಗಿ ಹಿಡಿದು ನಂಬರ್ ನೋಡಿದ. ತಿರುಗಿಸಿ ನೋಡಿದ. ನೋಡಲಿ, ಅವನಿಗೆ ಆ ಹಕ್ಕಿತ್ತು.

ಅಷ್ಟರಲ್ಲಿ ನೆವ್ ಪೆಟ್ಟಿಗೆ ಹಿಡಿದು ಹಾಲಿನ ಮೆಟ್ಟಿಲಿಳಿದು ಬಂದ. ನಗುತ್ತಲೇ ಬಂದ. ಗುಂಪಿನ ಅಂಚಿನಲ್ಲಿದ್ದ ಯಾರೋ ಒಬ್ಬ, ಪರಿಚಯವೂ ಇಲ್ಲದವನು, ಅವನ ಭುಜ ತಟ್ಟಿ, "ವರ್ಲೀನ್ ಪಿಕೆಟ್ ಅಂತೆ ಗುರೂ, ಹೌದಾ?" ಎಂದು ಕೇಳಿದ.

ನೆವ್ ನಿಂತ. ಎಲ್ಲರೂ ಅವನನ್ನೇ ನೋಡಿದರು. ಅವನು ನನ್ನ ಕಡೆ ನೋಡಿದ. ಯಾರು ಹೇಳಿದ್ದು ಎಂದು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಅಲ್ಲ ಎಂದು ಅವನು ಹೇಳಬಹುದಿತ್ತು. ಹೇಳಲು ಅವನಿಗೆ ನಿಜವಾದ ಹೆಸರು ಗೊತ್ತಿರಬೇಕಿತ್ತು. ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು, ಮಂಡಿಯೂರಿ, ಮುಚ್ಚಳ ತೆಗೆದು ಆ ರೆಕಾರ್ಡನ್ನು ಹೊರಗೆಳೆದ. ಹೆಬ್ಬೆರಳ ಉಗುರಿನಿಂದ ಬಿಳಿ ಕಾಗದದ ಒಂದು ಮೂಲೆಯನ್ನು ಕೆರೆದ. ಅಂಟು ಗಟ್ಟಿಯಾಗಿತ್ತು, ಬಿಡಲು ಹೊತ್ತು ಹಿಡಿಯಿತು. ಅಷ್ಟೂ ಜನ ಚಳಿಯಲ್ಲಿ ಕಾದು ನಿಂತರು. ಕೊನೆಗೆ ಹಳದಿ ಕಂಡಿತು. ಹೊಸದಾಗಿ ಓದು ಕಲಿತವನ ಹಾಗೆ ತುಟಿ ಅಲ್ಲಾಡಿಸುತ್ತ ಓದಿಕೊಂಡ.

"ಹೌದು, ಅದೇ" ಎಂದ, ಯಾರಿಗೂ ಅಲ್ಲ. ಆಮೇಲೆ ಪೆಟ್ಟಿಗೆ ಮುಚ್ಚಿ, ನಾವು ಪ್ರತಿ ಭಾನುವಾರ ಒಟ್ಟಿಗೆ ಹತ್ತುತ್ತಿದ್ದ ಬಸ್ಸಿನ ಕಡೆಗೆ ಒಬ್ಬನೇ ನಡೆದುಹೋದ.